ಎದೆಯಲ್ಲಿ ಗಂಟು ಕಂಡ್ರೆ ಮೊದಲು ಎಲ್ಲಿಗೆ, ಆಮೇಲೆ ಎಲ್ಲಿಗೆ? ಕತ್ತರಿ ಹಾಕಿಸೋ ಮುಂಚೆ ಪ್ರತಿ ಮನೆಯವರೂ ಓದಬೇಕಾದ ವಿಷಯ

ಬ್ಯಾಡಗಿ: ಇಲ್ಲಿ ದಿನಾ ಮೆಣಸಿನಕಾಯಿ ರೇಟು, ಕರೆಂಟ್ ಕಟ್, ರಸ್ತೆ ಅಪಘಾತದ ಸುದ್ದಿ ಓದ್ತೀರಿ. ಇವತ್ತು ಬೇರೆ ವಿಷಯ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡದ ವಿಷಯ. ಸ್ತನ ಕ್ಯಾನ್ಸರ್.

ಗಂಡು ಹುಡುಗ ಇದನ್ನ ಯಾಕೆ ಬರೀತಾನೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಹೇಳಿಯೇ ಮುಂದೆ ಹೋಗ್ತೀನಿ.

ನಮ್ಮ ಅತ್ತಿ ಮೆಣಸಿನಕಾಯಿ ತುಂಬು ತೆಗೆಯೋ ಕೆಲಸಕ್ಕೆ ಹೋಗ್ತಿದ್ದರು. ದಸರಾ ಹೊತ್ತಿಗೆ ಎಡಗಡೆ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತಂತೆ. ನೋವಿರಲಿಲ್ಲ. ಮನೆಯಲ್ಲಿ ಹೇಳಿದ್ದು ಯುಗಾದಿಗೆ. "ನೋವಾ ಇಲ್ಲ, ಗಂಟು ಐತಿ ಅಷ್ಟ, ಅದನ್ನ ಏನಂತ ಹೇಳೂದು" ಅಂದ್ರು. ಒಂದು ಖಾಸಗಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅದೇ ವಾರ ಆಪರೇಷನ್ ಮಾಡಿದ್ರು. ತೆಗೆದ ಗಂಟನ್ನ ಬಾಟಲಿಯಲ್ಲಿ ತೋರಿಸಿ, "ತೆಗೆದೀವಿ, ಇನ್ನ ಆರಾಮ" ಅಂದ್ರು. ನಾವು ಕೈಮುಗಿದು ಬಂದ್ವಿ. ಆ ಗಂಟನ್ನ ಪರೀಕ್ಷೆಗೆ ಕಳಿಸಬೇಕಿತ್ತು ಅನ್ನೋದು ನಮಗೆ ಗೊತ್ತಿರಲಿಲ್ಲ. ಅವರೂ ಕಳಿಸಲಿಲ್ಲ.

ಏಳು ತಿಂಗಳ ನಂತರ ಕಂಕುಳಲ್ಲಿ ಗಂಟು ಬಂತು. ಆಗ ದೊಡ್ಡ ಆಸ್ಪತ್ರೆಗೆ ಹೋದ್ರೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಹೋದ ಸಲದ ಬಯಾಪ್ಸಿ ರಿಪೋರ್ಟ್ ಎಲ್ಲಿ?" ನಮ್ಮ ಹತ್ತಿರ ಇದ್ದಿದ್ದು ಒಂದು ಬಿಲ್ ಅಷ್ಟೇ.

ಮುಂದಿನ ಒಂದು ವರ್ಷ ಆಸ್ಪತ್ರೆಗೆ ಓಡಾಡಿದ್ದು ನಾನು. ಡಿಗ್ರಿ ಎರಡನೇ ವರ್ಷದಲ್ಲಿದ್ದೆ, ಅಲ್ಲಿಗೇ ನಿಂತಿತು. ಅದರ ಬೇಸರ ಇಲ್ಲ. ಅತ್ತಿ ಈಗ ಇದಾರೆ, ದಿನಾ ಒಂದು ಮಾತ್ರೆ ತಗೋತಾರೆ. ಬೇಸರ ಇರೋದು ಆ ಏಳು ತಿಂಗಳಿನದ್ದು. ದುಡ್ಡಿಲ್ಲದೆ ಹೋದ ಏಳು ತಿಂಗಳಲ್ಲ ಅದು. ಮೊದಲು ಯಾವುದು, ಆಮೇಲೆ ಯಾವುದು ಅಂತ ಗೊತ್ತಿಲ್ಲದೆ ಹೋದದ್ದು. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂತ ಇದನ್ನ ಬರೀತಿದೀನಿ.

ಇದು ಅಪರೂಪದ ಕಾಯಿಲೆ ಅಲ್ಲ

ಭಾರತದ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳೋ ಕ್ಯಾನ್ಸರ್ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಈ ಕಾಯಿಲೆ ಪತ್ತೆಯಾಗಿದೆ. ಅದೇ ವರ್ಷ ಸುಮಾರು 98 ಸಾವಿರ ಜನ ತೀರಿಕೊಂಡಿದ್ದಾರೆ. ಇಷ್ಟೊಂದು ಸಾವಿಗೆ ದೊಡ್ಡ ಕಾರಣ ತಡವಾಗಿ ಆಸ್ಪತ್ರೆಗೆ ಬರೋದು. ಗಂಟು ಸಣ್ಣದಿದ್ದಾಗಲೇ ಸಿಕ್ಕಿ ಪೂರ್ತಿ ಚಿಕಿತ್ಸೆ ಆದ್ರೆ ಬಹಳಷ್ಟು ಜನ ಗುಣ ಆಗ್ತಾರೆ.

ಗಂಡಸರಿಗೂ ಬರುತ್ತೆ. ನೂರರಲ್ಲಿ ಒಂದು ಕೇಸು ಗಂಡಸರದ್ದು. ಎದೆಯ ತೊಟ್ಟಿನ ಕೆಳಗೆ ಗಟ್ಟಿ ಗಂಟು ಬಂದ್ರೆ ಅವರೂ ತೋರಿಸಬೇಕು.

ಗಂಟೆಲ್ಲಾ ಕ್ಯಾನ್ಸರ್ ಅಲ್ಲ, ಆದ್ರೆ ಗಂಟೆಲ್ಲಾ ತೋರಿಸಬೇಕು

ಎದೆಯಲ್ಲಿ ಸಿಗೋ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ನೀರಿನ ಗುಳ್ಳೆ ಇರಬಹುದು, ವಯಸ್ಸಿನ ಹುಡುಗಿಯರಲ್ಲಿ ಬರೋ ಸಾದಾ ಗಡ್ಡೆ ಇರಬಹುದು. ಯಾವುದು ಏನು ಅಂತ ಕೈಯಲ್ಲಿ ಮುಟ್ಟಿ ನಾವು ನೀವು ಹೇಳೋಕಾಗಲ್ಲ.

ಇಲ್ಲಿ ನಮ್ಮ ಜನ ಮಾಡೋ ದೊಡ್ಡ ತಪ್ಪು, ನೋವಿಲ್ಲ ಅಂದ್ರೆ ಚಿಂತೆ ಇಲ್ಲ ಅಂದ್ಕೊಳ್ಳೋದು. ಶುರುವಿನಲ್ಲಿ ಸ್ತನ ಕ್ಯಾನ್ಸರ್ ಗಂಟು ಹೆಚ್ಚಾಗಿ ನೋಯೋದೇ ಇಲ್ಲ. ತಿಂಗಳ ಮುಟ್ಟಿನ ಮುಂಚೆ ಬಂದು ಹೋಗೋ ನೋವು ಬಹುತೇಕ ಕ್ಯಾನ್ಸರ್‌ನದ್ದಲ್ಲ. ನೋವಿಲ್ಲದ ಗಟ್ಟಿ ಗಂಟನ್ನೇ ಬೇಗ ತೋರಿಸಬೇಕು.

ಗಂಟು ಬಿಟ್ಟು ಇವುಗಳನ್ನೂ ಗಮನಿಸಿ:

- ತೊಟ್ಟು ಹೊಸದಾಗಿ ಒಳಗೆ ಎಳ್ಕೊಂಡಿರೋದು
- ತೊಟ್ಟಿನಿಂದ ರಕ್ತ ಅಥವಾ ರಕ್ತ ಬೆರೆತ ನೀರು ಬರೋದು
- ಚರ್ಮ ಕಿತ್ತಳೆ ಹಣ್ಣಿನ ಸಿಪ್ಪೆ ತರ ಆಗೋದು, ಗುಳಿ ಬೀಳೋದು, ಕೆಂಪಾಗೋದು
- ತೊಟ್ಟಿನ ಮೇಲೆ ವಾರಗಟ್ಟಲೆ ಮಾಯದ ಹುಣ್ಣು, ತುರಿಕೆ
- ಕಂಕುಳಲ್ಲಿ ಗಂಟು
- ಒಂದು ಕಡೆಯ ಆಕಾರ, ಗಾತ್ರ ಏಕಾಏಕಿ ಬದಲಾಗೋದು

ಬಾಣಂತಿಯರಿಗೆ ಒಂದು ಮಾತು. ಹಾಲು ಕಟ್ಟಿ ಗಂಟಾಗೋದು ಸಾಮಾನ್ಯ. ಹಾಗಂತ ಎಲ್ಲಾ ಗಂಟನ್ನೂ "ಹಾಲಿನ ಗಂಟು" ಅಂತ ಬಿಡಬೇಡಿ. ಎರಡು ವಾರದಲ್ಲಿ ಕರಗದಿದ್ರೆ ಡಾಕ್ಟರ್‌ಗೆ ತೋರಿಸಿ.

ಮೊದಲ ಬಾಗಿಲು: ನಿಮ್ಮೂರ ಸರ್ಕಾರಿ ಆಸ್ಪತ್ರೆ

ಬಹಳ ಜನಕ್ಕೆ ಗೊತ್ತಿಲ್ಲ, 30 ವರ್ಷ ದಾಟಿದ ಮಹಿಳೆಯರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಯನ್ನೂ ಮಾಡಬೇಕು ಅಂತ ಸರ್ಕಾರದ ಕಾರ್ಯಕ್ರಮ ಇದೆ. ಸ್ತನದ ತಪಾಸಣೆ ಅಂದ್ರೆ ತರಬೇತಿ ಪಡೆದ ಸಿಸ್ಟರ್ ಅಥವಾ ಡಾಕ್ಟರ್ ಕೈಯಲ್ಲಿ ಮುಟ್ಟಿ ನೋಡೋದು. ದುಡ್ಡಿಲ್ಲ. ಆಶಾ ಕಾರ್ಯಕರ್ತೆಯನ್ನ ಕೇಳಿದ್ರೆ ಯಾವ ದಿನ ಹೋಗಬೇಕು ಅಂತ ಹೇಳ್ತಾರೆ.

ಕೈಯಲ್ಲಿ ಮುಟ್ಟಿ ನೋಡಿದ್ರೆ ಏನಾಗುತ್ತೆ ಅಂತ ಹಗುರವಾಗಿ ತಗೋಬೇಡಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ, ಅಲ್ಲಿನ ಬಡ ಬಡಾವಣೆಗಳ ಒಂದೂವರೆ ಲಕ್ಷ ಮಹಿಳೆಯರನ್ನ ಸುಮಾರು 20 ವರ್ಷ ಗಮನಿಸಿದ್ರು. ಅವರಲ್ಲಿ ಒಂದು ಗುಂಪಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಿದ್ರು. 2021ರಲ್ಲಿ ಫಲಿತಾಂಶ ಪ್ರಕಟ ಆಯ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರ ಹತ್ತಿರ ಶೇ 30ರಷ್ಟು ಕಡಿಮೆ ಆಗಿತ್ತು. ಯಾವ ದೊಡ್ಡ ಮಷಿನ್ನೂ ಇಲ್ಲದೆ.

ಗಂಟು ಇದೆ ಅಂತ ಅಲ್ಲಿ ಖಾತ್ರಿ ಆದ್ರೆ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡ್ತಾರೆ. ಆ ಚೀಟಿ ಇಸ್ಕೊಳ್ಳಿ, ಕಳ್ಕೋಬೇಡಿ. ಮುಂದೆ ದುಡ್ಡಿನ ವಿಷಯಕ್ಕೂ ಅದು ಬೇಕಾಗುತ್ತೆ.

ಸೂಜಿ ಮೊದಲು, ಕತ್ತರಿ ಆಮೇಲೆ

ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಗಂಟು ಏನು ಅಂತ ಗೊತ್ತಾಗೋ ಮುಂಚೆ ಅದನ್ನ ಕೊಯ್ದು ತೆಗೆಸಬೇಡಿ.

ಸರಿಯಾದ ಕ್ರಮದಲ್ಲಿ ಮೂರು ಪರೀಕ್ಷೆ ಇವೆ. ಒಂದು, ಡಾಕ್ಟರ್ ಕೈಯಿಂದ ನೋಡೋದು. ಎರಡು, ಸ್ಕ್ಯಾನ್. 40ರ ಆಸುಪಾಸು ಮತ್ತು ಮೇಲ್ಪಟ್ಟವರಿಗೆ ಸಾಮಾನ್ಯವಾಗಿ ಮ್ಯಾಮೊಗ್ರಾಮ್ ಅನ್ನೋ ಎಕ್ಸ್‌ರೇ, ಚಿಕ್ಕ ವಯಸ್ಸಿನವರಿಗೆ ಮೊದಲು ಅಲ್ಟ್ರಾಸೌಂಡ್. ಮೂರು, ಸೂಜಿ ಪರೀಕ್ಷೆ. ದಪ್ಪ ಸೂಜಿ ಹಾಕಿ ಗಂಟಿನಿಂದ ಸಣ್ಣ ಎಳೆಯಂಥ ತುಂಡು ತೆಗೆಯೋದಕ್ಕೆ ಕೋರ್ ಬಯಾಪ್ಸಿ ಅಂತಾರೆ. ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಡ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.

"ಸೂಜಿ ಚುಚ್ಚಿದ್ರ ಮೈತುಂಬ ಹರಡತೈತಿ" ಅನ್ನೋ ಮಾತು ನಮ್ಮ ಕಡೆ ಬಹಳ ಇದೆ. ನಮ್ಮ ಮನೆಯಲ್ಲೂ ಹಿರಿಯರು ಅದನ್ನೇ ಹೇಳಿದ್ರು. ಇದು ಸುಳ್ಳು. ಸೂಜಿ ಪರೀಕ್ಷೆಯಿಂದ ಕ್ಯಾನ್ಸರ್ ಮೈತುಂಬ ಹರಡಲ್ಲ. ಪರೀಕ್ಷೆ ಮಾಡಿಸದೆ ಅರ್ಧಂಬರ್ಧ ಕೊಯ್ಯಿಸಿಕೊಂಡ್ರೆ ಮಾತ್ರ ಕಷ್ಟ. ಗಂಟಿನ ಸುತ್ತ ಎಷ್ಟು ತೆಗೀಬೇಕಿತ್ತು, ಕಂಕುಳ ನೋಡಬೇಕಿತ್ತಾ, ಮೊದಲು ಕಿಮೋ ಕೊಡಬೇಕಿತ್ತಾ ಅನ್ನೋ ಲೆಕ್ಕವೆಲ್ಲ ತಪ್ಪುತ್ತೆ. ಎರಡನೇ ಸಲ ಆಪರೇಷನ್ ಆಗ್ಬೇಕಾಗಬಹುದು. ನಮಗೆ ಆದದ್ದು ಇದೇ.

ಬೇರೆ ಯಾವ ಕಾರಣಕ್ಕೆ ಗಂಟು ತೆಗೆದಿದ್ರೂ, ಅದನ್ನ ಪರೀಕ್ಷೆಗೆ ಕಳಿಸಿದ್ರಾ ಅಂತ ಬಾಯಿಬಿಟ್ಟು ಕೇಳಿ. ತುಂಡನ್ನ ಫಾರ್ಮಲಿನ್ ಅನ್ನೋ ದ್ರವದಲ್ಲಿ ಹಾಕಿ ಲ್ಯಾಬ್‌ಗೆ ಕಳಿಸಬೇಕು. ಲ್ಯಾಬ್‌ನವರು ಅದನ್ನ ಮೇಣದಲ್ಲಿ ಕೂರಿಸಿ ಇಟ್ಟಿರ್ತಾರೆ, ಅದಕ್ಕೆ ಬ್ಲಾಕ್ ಅಂತಾರೆ. ಗಾಜಿನ ಮೇಲಿಂದು ಸ್ಲೈಡ್. ಬೇರೆ ಆಸ್ಪತ್ರೆಗೆ ಹೋಗೋವಾಗ ಬ್ಲಾಕ್ ಮತ್ತು ಸ್ಲೈಡ್ ಕೇಳಿ ತಗೊಂಡು ಹೋಗಿ. ಮತ್ತೆ ಚುಚ್ಚಿಸಿಕೊಳ್ಳೋದು ಎಷ್ಟೋ ಸಲ ತಪ್ಪುತ್ತೆ.

ರಿಪೋರ್ಟ್‌ನಲ್ಲಿ ಏನು ನೋಡಬೇಕು?

ಕ್ಯಾನ್ಸರ್ ಅಂತ ಬಂದ್ರೆ ಕೆಲಸ ಅಲ್ಲಿಗೆ ಮುಗಿಯಲ್ಲ. ಅದೇ ತುಂಡಿನ ಮೇಲೆ ಇನ್ನೂ ಮೂರು ವಿಷಯ ನೋಡ್ತಾರೆ: ಇಆರ್, ಪಿಆರ್, ಹರ್2. ಈ ಪರೀಕ್ಷೆಗೆ ಐಎಚ್‌ಸಿ ಅಂತಾರೆ. ಚಿಕಿತ್ಸೆ ಯಾವುದು ಅಂತ ತೀರ್ಮಾನ ಆಗೋದು ಹೆಚ್ಚಾಗಿ ಇದರ ಮೇಲೇ.

ಇಆರ್, ಪಿಆರ್ ಪಾಸಿಟಿವ್ ಅಂದ್ರೆ ಆ ಕ್ಯಾನ್ಸರ್ ಹೆಣ್ಣಿನ ಹಾರ್ಮೋನ್‌ನಿಂದ ಬೆಳೀತಿದೆ ಅಂತ. ಇಂಥವರಿಗೆ ಟಾಮೋಕ್ಸಿಫೆನ್ ತರದ ಮಾತ್ರೆ 5ರಿಂದ 10 ವರ್ಷ ಕೊಡ್ತಾರೆ. ದುಬಾರಿ ಮಾತ್ರೆ ಅಲ್ಲ. ಆರಾಮ ಆಯ್ತು ಅಂತ ಮಧ್ಯದಲ್ಲಿ ಬಿಡೋದೇ ಇದರಲ್ಲಿ ದೊಡ್ಡ ತೊಂದರೆ. ಹರ್2 ಪಾಸಿಟಿವ್ ಅಂದ್ರೆ ಅದಕ್ಕೆ ಟ್ರಾಸ್ಟುಜುಮಾಬ್ ಅನ್ನೋ ಬೇರೆ ಇಂಜೆಕ್ಷನ್ ಇದೆ. ಮೊದಲು ವಿದೇಶಿ ಕಂಪನಿಯದ್ದು ಮಾತ್ರ ಇತ್ತು, ಬಹಳ ದುಬಾರಿ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಅದರದ್ದೇ ತರದ ಔಷಧ ಮಾರುಕಟ್ಟೆಗೆ ತಂತು. ಮೂರೂ ನೆಗೆಟಿವ್ ಬಂದ್ರೆ ಟ್ರಿಪಲ್ ನೆಗೆಟಿವ್ ಅಂತಾರೆ, ಅದಕ್ಕೆ ಮುಖ್ಯವಾಗಿ ಕಿಮೋ. ನೆಗೆಟಿವ್ ಅಂದ್ರೆ ಕ್ಯಾನ್ಸರ್ ಇಲ್ಲ ಅಂತಲ್ಲ, ಈ ಒಂದು ಪದಕ್ಕೆ ಎಷ್ಟೋ ಮನೆಯವರು ಮೋಸ ಹೋಗ್ತಾರೆ.

ಇನ್ನೊಂದು ವಿಷಯ ಸ್ಟೇಜ್. 1ರಿಂದ 4ರವರೆಗೆ ಇದೆ. ಗಂಟು ಎಷ್ಟು ದೊಡ್ಡದು, ಕಂಕುಳಿಗೆ ಹೋಗಿದೆಯಾ, ಎಲುಬು, ಲಿವರ್, ಶ್ವಾಸಕೋಶಕ್ಕೆ ಹೋಗಿದೆಯಾ ಅನ್ನೋದರ ಲೆಕ್ಕ ಅದು. 4ನೇ ಸ್ಟೇಜ್ ಅಂದ ತಕ್ಷಣ ಮನೆಗೆ ಕರ್ಕೊಂಡು ಬರಬೇಡಿ. ಪೂರ್ತಿ ಗುಣ ಆಗೋದು ಕಷ್ಟ ಆದ್ರೂ, ಔಷಧದಿಂದ ವರ್ಷಗಟ್ಟಲೆ ಹಿಡಿತದಲ್ಲಿಟ್ಟವರು ಇದ್ದಾರೆ. ನೋವು ಕಡಿಮೆ ಮಾಡೋ ಚಿಕಿತ್ಸೆಯಂತೂ ಪ್ರತಿಯೊಬ್ಬರಿಗೂ ಸಿಗಲೇಬೇಕು.

ಎಲ್ಲಿಗೆ ಹೋಗೋದು?

ನಮ್ಮ ಕಡೆಯವರಿಗೆ ಹತ್ತಿರ ಅಂದ್ರೆ ಹುಬ್ಬಳ್ಳಿ. ಅಲ್ಲಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ. ಪೂರ್ತಿ ಹೆಸರು ಕರ್ನಾಟಕ ಕ್ಯಾನ್ಸರ್ ಥೆರಪಿ ಮತ್ತು ಸಂಶೋಧನಾ ಸಂಸ್ಥೆ. ಸರ್ಕಾರಿ ಆಸ್ಪತ್ರೆ ಅಂದ್ರೆ ವಿದ್ಯಾನಗರದ ಕೆಎಂಸಿ-ಆರ್‌ಐ, ಜನ ಈಗಲೂ ಕಿಮ್ಸ್ ಅಂತಾರೆ. ಬೆಂಗಳೂರಿನಲ್ಲಿ ಸರ್ಕಾರದ ದೊಡ್ಡ ಸಂಸ್ಥೆ ಕಿದ್ವಾಯಿ. ರಾಜ್ಯದ ಎಲ್ಲಾ ಜಿಲ್ಲೆಯಿಂದ ಅಲ್ಲಿಗೆ ಜನ ಬರ್ತಾರೆ, ರಶ್ ಇರುತ್ತೆ, ಮೊದಲ ದಿನ ಬೆಳಗ್ಗೆ ಬೇಗ ಹೋಗಬೇಕು.

2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರ ಶುರು ಮಾಡಿದೆ. ಅಂದ್ರೆ ಚಿಕಿತ್ಸೆಯ ಪ್ಲಾನ್ ದೊಡ್ಡ ಆಸ್ಪತ್ರೆಯಲ್ಲಿ ಆಗಿ, ಮುಂದಿನ ಡೋಸ್‌ಗಳನ್ನ ಹತ್ತಿರದಲ್ಲೇ ತಗೊಂಡು ಸಂಜೆ ಮನೆಗೆ ಬರೋ ಅನುಕೂಲ. ದೊಡ್ಡ ಆಸ್ಪತ್ರೆಯ ಡಾಕ್ಟರ್‌ಗೆ "ಮುಂದಿನ ಡೋಸ್ ನಮಗೆ ಹತ್ತಿರದಲ್ಲಿ ಸಿಗುತ್ತಾ" ಅಂತ ನೀವೇ ಕೇಳಿ. ಕೇಳದಿದ್ರೆ ಯಾರೂ ಹೇಳಲ್ಲ.

ರಿಪೋರ್ಟ್ ಬಂದ ರಾತ್ರಿಯೇ ಗಾಡಿ ಮಾಡ್ಕೊಂಡು ಓಡಬೇಕಿಲ್ಲ. ಸರಿಯಾದ ಪ್ಲಾನ್ ಮಾಡೋಕೆ ಒಂದೆರಡು ವಾರ ಹೋದ್ರೆ ನಷ್ಟ ಇಲ್ಲ. ತಿಂಗಳುಗಟ್ಟಲೆ ಹೋದ್ರೆ ನಷ್ಟ.

ದುಡ್ಡಿನ ಮಾತು

ಹೊಲ ಮಾರೋ ಮುಂಚೆ, ಬಡ್ಡಿಗೆ ತರೋ ಮುಂಚೆ ಈ ಭಾಗ ಓದಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನ ಸರ್ಕಾರ ಕೊಡುತ್ತೆ, ಮಿತಿ ವರ್ಷಕ್ಕೆ 1.5 ಲಕ್ಷ. ಕ್ಯಾನ್ಸರ್ ಆಪರೇಷನ್, ಕಿಮೋ, ರೇಡಿಯೇಷನ್ ಇದರೊಳಗೆ ಬರುತ್ತೆ. ಬೇಕಾಗಿರೋದು ಆಧಾರ್ ಮತ್ತು ರೇಷನ್ ಕಾರ್ಡ್. ಖಾಸಗಿ ಆಸ್ಪತ್ರೆಯಲ್ಲಿ ಈ ಯೋಜನೆ ಸಿಗಬೇಕಂದ್ರೆ ಅದು ಯೋಜನೆಯ ಪಟ್ಟಿಯಲ್ಲಿರಬೇಕು, ಜೊತೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮೊದಲು ಹೇಳಿದ ಚೀಟಿ ಇದಕ್ಕೇ ಬೇಕಾಗೋದು.

ಅಡ್ಮಿಟ್ ಆಗೋ ಮುಂಚೆ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರ್‌ಗೆ ಹೋಗಿ ಒಪ್ಪಿಗೆ ಬಂದಿದೆಯಾ ಅಂತ ಕೇಳಿ. ದುಡ್ಡು ಕಟ್ಟಿ ಚಿಕಿತ್ಸೆ ಆದಮೇಲೆ ಕಾರ್ಡ್ ತೋರಿಸಿದ್ರೆ ವಾಪಸ್ ಸಿಗೋದು ಬಹಳ ಕಷ್ಟ. ಅನುಮಾನ ಇದ್ರೆ 104 ಅಥವಾ 14555ಕ್ಕೆ ಫೋನ್ ಮಾಡಿ.

ರೇಷನ್ ಕಾರ್ಡ್‌ನಲ್ಲಿ ಹೆಸರು, ಆಧಾರ್‌ನಲ್ಲಿ ಹೆಸರು ಬೇರೆ ಬೇರೆ ಇದ್ರೆ ಇವತ್ತೇ ಸರಿ ಮಾಡಿಸಿಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರು ಕಾರ್ಡ್‌ನಲ್ಲೇ ಇರೋ ಮನೆಗಳು ನಮ್ಮಲ್ಲಿ ಬಹಳ. ಕಾಯಿಲೆ ಬಂದಮೇಲೆ ತಹಶೀಲ್ದಾರ್ ಆಫೀಸ್ ಅಲೆಯೋದು ಆಗದ ಕೆಲಸ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಗೆ ಹೋಗಿ ಬರೋಕೆ ರಿಯಾಯಿತಿ ಇದೆ. ಸೆಕೆಂಡ್ ಕ್ಲಾಸ್‌ನಲ್ಲಿ ರೋಗಿಗೂ ಜೊತೆಗಿರೋ ಒಬ್ಬರಿಗೂ ಶೇ 75. ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ ಉಚಿತ, ಜೊತೆಗಾರರಿಗೆ ಶೇ 75. ಇದಕ್ಕೆ ಆಸ್ಪತ್ರೆಯವರು ನಿಗದಿತ ಫಾರಂನಲ್ಲಿ ಸರ್ಟಿಫಿಕೇಟ್ ಕೊಡಬೇಕು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನವರಿಗೆ ಹುಬ್ಬಳ್ಳಿ, ಬೆಂಗಳೂರು ಎರಡಕ್ಕೂ ರೈಲಿದೆ. ನಾವು ನಾಲ್ಕು ಸಲ ಪೂರ್ತಿ ದುಡ್ಡು ಕೊಟ್ಟು ಹೋದಮೇಲೆ ಪಕ್ಕದ ಬೆಡ್‌ನವರು ಹೇಳಿದ್ರು.

ಇಷ್ಟಾದಮೇಲೂ ಕಡಿಮೆ ಬಿದ್ರೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಶಾಸಕರ ಕಚೇರಿಯಲ್ಲಿ ಕೇಳಿ.

ಚಿಕಿತ್ಸೆ ಹೇಗೆ ನಡೆಯುತ್ತೆ, ಎಷ್ಟು ದಿನ?

ಎಲ್ಲರಿಗೂ ಒಂದೇ ತರ ಇರಲ್ಲ. ಕೆಲವರಿಗೆ ಮೊದಲು ಆಪರೇಷನ್, ಕೆಲವರಿಗೆ ಗಂಟು ಸಣ್ಣ ಮಾಡೋಕೆ ಮೊದಲು ಕಿಮೋ. ಪಕ್ಕದ ಮನೆಯವರಿಗೆ ಹಾಗೆ ಮಾಡಿದ್ರು, ನಿಮಗ್ಯಾಕೆ ಹೀಗೆ ಅಂತ ಗಾಬರಿ ಆಗಬೇಡಿ.

ಆಪರೇಷನ್ ಅಂದ್ರೆ ಪೂರ್ತಿ ಸ್ತನ ತೆಗೀಲೇಬೇಕು ಅಂತಿಲ್ಲ. ಸರಿಯಾದ ಹಂತದಲ್ಲಿ ಸಿಕ್ಕಿದ್ರೆ ಗಂಟಿನ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಡ್ತಾರೆ. ಜೀವ ಉಳಿಯೋ ವಿಷಯದಲ್ಲಿ ಎರಡೂ ಸಮ ಅಂತ 1980ರ ದಶಕದಲ್ಲೇ ಇಟಲಿ, ಅಮೆರಿಕದ ದೊಡ್ಡ ಅಧ್ಯಯನಗಳು ತೋರಿಸಿವೆ. ನಮಗೆ ಇದು ಆಗುತ್ತಾ ಅಂತ ಕೇಳೋ ಹಕ್ಕು ಆ ಹೆಣ್ಣುಮಗಳಿಗಿದೆ.

ಕಿಮೋ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, 6ರಿಂದ 8 ಸಲ. ರೇಡಿಯೇಷನ್ ವಾರಕ್ಕೆ 5 ದಿನದಂತೆ 3ರಿಂದ 5 ವಾರ. ರೇಡಿಯೇಷನ್‌ಗೆ ದಿನಾ ಹೋಗಿ ಬರೋದು ಸುಸ್ತು, ಆಸ್ಪತ್ರೆ ಹತ್ತಿರ ಉಳಿಯೋಕೆ ಧರ್ಮಶಾಲೆ ಇದೆಯಾ ಅಂತ ಮೊದಲೇ ವಿಚಾರಿಸಿ.

ಕೂದಲು ಉದುರುತ್ತೆ, ಕಿಮೋ ಮುಗಿದಮೇಲೆ ಮತ್ತೆ ಬರುತ್ತೆ. ಕಂಕುಳ ಆಪರೇಷನ್ ಆದ ಕಡೆಯ ಕೈ ಬಾವು ಬರಬಹುದು, ಹೇಳಿಕೊಟ್ಟ ವ್ಯಾಯಾಮ ಬಿಡದೆ ಮಾಡಬೇಕು. ಆ ಕೈಯಲ್ಲಿ ನೀರಿನ ಕೊಡ, ಮೆಣಸಿನಕಾಯಿ ಚೀಲ ಅಂತ ಭಾರ ಎತ್ತೋಕೆ ಯಾವಾಗ ಶುರು ಮಾಡಬಹುದು ಅಂತ ಡಾಕ್ಟರ್‌ನ ಕೇಳಿ. ಮುಂದೆ ಮಕ್ಕಳು ಬೇಕು ಅನ್ನೋ ವಯಸ್ಸಿನವರು ಕಿಮೋ ಶುರು ಆಗೋ ಮುಂಚೆಯೇ ಆ ಮಾತು ಎತ್ತಬೇಕು, ಆಮೇಲೆ ಅಲ್ಲ.

ಜ್ವರ ಬಂದ್ರೆ ಕಾಯಬೇಡಿ

ಇದು ಊರಿನಲ್ಲಿರೋ ನಮಗೆ ಬಹಳ ಮುಖ್ಯ. ಕಿಮೋ ಆದಮೇಲೆ ಒಂದೆರಡು ವಾರ ರಕ್ತದ ಬಿಳಿ ಕಣ ಕಡಿಮೆ ಆಗಿರುತ್ತೆ. ಆ ಹೊತ್ತಿನಲ್ಲಿ ಜ್ವರ 100.4 ಡಿಗ್ರಿ ದಾಟಿದ್ರೆ, ಚಳಿ ನಡುಕ ಬಂದ್ರೆ ಅದು ಸಾದಾ ಜ್ವರ ಅಲ್ಲ. ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ಬೆಳಗಿನವರೆಗೆ ನೋಡೋಣ ಅನ್ನಬೇಡಿ. ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೋಗಿ, ಹೋದ ತಕ್ಷಣ "ಕಿಮೋ ನಡದೈತಿ, ಇಂಥ ದಿನ ಡೋಸ್ ಆಗೈತಿ" ಅಂತ ಮೊದಲು ಹೇಳಿ. 40 ರೂಪಾಯಿಗೋ 100 ರೂಪಾಯಿಗೋ ಒಂದು ಥರ್ಮಾಮೀಟರ್ ತಂದು ಮನೆಯಲ್ಲಿಡಿ.

ಅವರಿಗೇ ಹೇಳದೆ ಮುಚ್ಚಿಡೋದು

ನಮ್ಮ ಮನೆಯಲ್ಲಿ ಮಾಡಿದ ಎರಡನೇ ತಪ್ಪು ಇದು. "ಆಕಿಗೆ ಹೇಳಬ್ಯಾಡ್ರಿ, ಎದಿ ಒಡ್ಕೋತಾಳ" ಅಂತ ಎಲ್ಲರೂ ಸೇರಿ ಮುಚ್ಚಿಟ್ವಿ. ಡಾಕ್ಟರ್ ರೂಮಿಗೆ ಮಾವ ಮತ್ತೆ ನಾನು ಹೋಗೋದು, ಅತ್ತಿ ಹೊರಗೆ ಬೆಂಚಿನ ಮೇಲೆ. ಮೂರನೇ ದಿನ ಅವರೇ ಕೇಳಿದ್ರು: "ಗೋಡಿ ಮ್ಯಾಲೆ ಕ್ಯಾನ್ಸರ್ ಅಂತ ಬರದೈತಿ. ನನಗೇನು ಓದಾಕ ಬರೂದಿಲ್ಲೇನು?"

ಆವತ್ತಿನಿಂದ ಅವರೇ ಒಳಗೆ ಬಂದ್ರು. ಪ್ರಶ್ನೆ ಅವರೇ ಕೇಳಿದ್ರು. ವಾಂತಿ, ಸುಸ್ತು, ಮುಟ್ಟಿನ ವಿಷಯ ನಾನು ಹೇಗೆ ಕೇಳಲಿ? ಕಾಯಿಲೆ ಇರೋದು ಅವರ ಮೈಯಲ್ಲಿ. ಒಂದೇ ಸಲ ಎಲ್ಲಾ ಹೇಳಬೇಕಿಲ್ಲ, ಅವರು ಕೇಳಿದಷ್ಟು ಹೇಳಿ. ಸುಳ್ಳು ಮಾತ್ರ ಹೇಳಬೇಡಿ.

ಡಾಕ್ಟರ್ ಹತ್ತಿರ ಹೋಗೋವಾಗ ಈ ಐದು ಪ್ರಶ್ನೆ ಚೀಟಿಯಲ್ಲಿ ಬರ್ಕೊಂಡು ಹೋಗಿ:

1. ಯಾವ ತರದ್ದು, ಯಾವ ಸ್ಟೇಜ್?
2. ಇಆರ್, ಪಿಆರ್, ಹರ್2 ರಿಪೋರ್ಟ್ ಬಂತಾ?
3. ಮೊದಲು ಯಾವ ಚಿಕಿತ್ಸೆ, ಯಾಕೆ?
4. ಒಟ್ಟು ಎಷ್ಟು ತಿಂಗಳು, ಎಷ್ಟು ಸಲ ಬರಬೇಕು?
5. ಯೋಜನೆಯಲ್ಲಿ ಯಾವುದು ಬರುತ್ತೆ, ಕೈಯಿಂದ ಎಷ್ಟು?

ಪ್ರತಿ ಸಲ ಜೊತೆಗೆ ಒಬ್ಬರೇ ಹೋಗೋದು ಒಳ್ಳೇದು. ಇವತ್ತು ಅಣ್ಣ, ನಾಳೆ ಅಳಿಯ ಅಂತಾದ್ರೆ ಡಾಕ್ಟರ್ ಹೇಳಿದ್ದು ಯಾರಿಗೂ ಪೂರ್ತಿ ಗೊತ್ತಿರಲ್ಲ.

ನಾಟಿ ಔಷಧದ ಬಗ್ಗೆ

ಯಾರ ನಂಬಿಕೆಗೂ ನಾನು ಅಡ್ಡ ಬರಲ್ಲ. ಆದ್ರೆ ಆಸ್ಪತ್ರೆ ಬಿಟ್ಟು ಅದೊಂದನ್ನೇ ನೆಚ್ಚಿಕೊಂಡ್ರೆ ಏನಾಗುತ್ತೆ ಅಂತ ಲೆಕ್ಕ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರ್ಯಾಯ ಔಷಧ ಮಾತ್ರ ತಗೊಂಡ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ ಆಸ್ಪತ್ರೆ ಚಿಕಿತ್ಸೆ ಪಡೆದವರಿಗಿಂತ 5 ಪಟ್ಟಿಗೂ ಹೆಚ್ಚಿತ್ತು. ಬೇರು, ಕಷಾಯ ಏನಾದ್ರೂ ತಗೋತಿದ್ರೆ ಡಾಕ್ಟರ್‌ಗೆ ಹೇಳಿ, ಬೈತಾರೆ ಅಂತ ಮುಚ್ಚಿಡಬೇಡಿ. ಕೆಲವು ಕಿಮೋ ಜೊತೆ ಸೇರಿ ಲಿವರ್‌ಗೆ ತೊಂದರೆ ಮಾಡಬಹುದು.

ಮುಟ್ಟಿದ್ರೆ, ಜೊತೆಗೆ ಉಂಡ್ರೆ ಹರಡೋ ಕಾಯಿಲೆ ಅಲ್ಲ ಇದು. ತಟ್ಟೆ ಬೇರೆ ಇಡಬೇಡಿ. ಪಾಪ ಪುಣ್ಯಕ್ಕೂ ಸಂಬಂಧ ಇಲ್ಲ. ತಾಯಿಗೆ, ಅಕ್ಕ ತಂಗಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ರೆ ಮಾತ್ರ ಮನೆಯ ಉಳಿದ ಹೆಣ್ಣುಮಕ್ಕಳು ಬೇಗ ತಪಾಸಣೆ ಮಾಡಿಸಿಕೊಳ್ಳಬೇಕು. ಹೆಣ್ಣು ನೋಡೋಕೆ ಬರೋರು ಏನಂತಾರೋ ಅಂತ ಮುಚ್ಚಿಟ್ರೆ ನಷ್ಟ ಆ ಹುಡುಗಿಗೇ.

ಅಂಗಡಿ, ಮಂಡಿಯವರಿಗೆ ಒಂದು ಮಾತು

ನಿಮ್ಮಲ್ಲಿ ಕೆಲಸ ಮಾಡೋ ಹೆಣ್ಣುಮಗಳು 21 ದಿನಕ್ಕೊಮ್ಮೆ ರಜೆ ಕೇಳಿದ್ರೆ ಕೆಲಸದಿಂದ ತೆಗೀಬೇಡಿ. ಕೂತು ಮಾಡೋ ಹಗುರ ಕೆಲಸ ಕೊಡಿ, ಮೆಣಸಿನಕಾಯಿ ಘಾಟಿನಿಂದ ದೂರ ಕೂರಿಸಿ. ಮನೆಯ ಗಂಡಸು ನಿಮ್ಮ ಅಂಗಡಿಯ ಕೆಲಸಗಾರ ಆಗಿದ್ರೆ ಅವನಿಗೂ ಆ ದಿನ ರಜೆ ಬೇಕು. ಇಎಸ್‌ಐ ಇರೋ ಕೆಲಸಗಾರರಿಗೆ ಕ್ಯಾನ್ಸರ್‌ಗೆ ಚಿಕಿತ್ಸೆ ಜೊತೆಗೆ, ನಿಯಮದ ಪ್ರಕಾರ ಅರ್ಹರಾಗಿದ್ರೆ, 2 ವರ್ಷದವರೆಗೆ ಸಂಬಳದ ಶೇ 80ರಷ್ಟು ಹಣ ಸಿಗುತ್ತೆ. ಕಾಗದಕ್ಕೆ ಸಹಿ ಮಾಡಿಕೊಡಿ.

ಮೆಡಿಕಲ್ ಶಾಪ್‌ನವರೇ, "ಎದೆಯಲ್ಲಿ ಗಂಟು ಐತಿ, ಮಾತ್ರಿ ಕೊಡ್ರಿ" ಅಂತ ಯಾರಾದ್ರೂ ಬಂದ್ರೆ ಮಾತ್ರೆ ಕೊಟ್ಟು ಕಳಿಸಬೇಡಿ. "ಡಾಕ್ಟರ್‌ಗೆ ತೋರಿಸ್ರಿ" ಅಂತ ಒಂದು ಮಾತು ಹೇಳಿ. ಎಷ್ಟೋ ಮನೆಗೆ ನೀವೇ ಮೊದಲ ಡಾಕ್ಟರ್.

ಕೊನೆಗೆ, ಒಂದು ಫೈಲ್

ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಫೈಲ್ ತಗೊಳ್ಳಿ. ರೆಫರಲ್ ಚೀಟಿ, ಸ್ಕ್ಯಾನ್, ಬಯಾಪ್ಸಿ ಮತ್ತು ಐಎಚ್‌ಸಿ ರಿಪೋರ್ಟ್, ಆಪರೇಷನ್ ಆದ್ರೆ ಡಿಸ್ಚಾರ್ಜ್ ಪೇಪರ್, ಪ್ರತಿ ಕಿಮೋದ ದಿನಾಂಕ ಮತ್ತು ಔಷಧದ ಹೆಸರು, ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಎಲ್ಲಾ ದಿನಾಂಕದ ಪ್ರಕಾರ ಜೋಡಿಸಿ. ಮೊಬೈಲ್‌ನಲ್ಲಿ ಫೋಟೋ ಹೊಡೆದು ಮನೆಯ ಇಬ್ಬರಿಗೆ ಕಳಿಸಿಡಿ. ಫೈಲ್ ಸರಿಯಿದ್ರೆ ಯಾವ ಊರಿನ ಡಾಕ್ಟರ್ ಆದ್ರೂ ಐದು ನಿಮಿಷದಲ್ಲಿ ವಿಷಯ ತಿಳ್ಕೋತಾರೆ.

ನಾನು ಡಾಕ್ಟರ್ ಅಲ್ಲ. ನಿಮ್ಮ ಚಿಕಿತ್ಸೆ ಯಾವುದು ಅಂತ ಹೇಳಬೇಕಾದವರು ಅವರೇ. ಅವರ ಬಾಗಿಲವರೆಗೆ ದಾರಿ ತಪ್ಪದೆ ಹೋಗೋಕೆ ಇಷ್ಟು ಗೊತ್ತಿರಲಿ ಅಂತ ಅಷ್ಟೇ.

ಅತ್ತಿ ಈಗ ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗ್ತಾರೆ. ಇದನ್ನ ಬರೀತೀನಿ ಅಂದಾಗ ಅವರು ಅಂದಿದ್ದು: "ಹೆಸರ ಹಾಕಬ್ಯಾಡ. ಆದ್ರ ದಸರಾದಾಗ ಸಿಕ್ಕ ಗಂಟನ್ನ ದಸರಾದಾಗನ ತೋರಿಸ್ರಿ ಅಂತ ಬರಿ." ಬರೆದಿದ್ದೀನಿ. ಈ ಲಿಂಕ್‌ನ ನಿಮ್ಮ ಮನೆಯ ವಾಟ್ಸಾಪ್ ಗ್ರೂಪ್‌ಗೆ ಹಾಕಿ. ಗ್ರೂಪ್‌ನಲ್ಲಿ ಹಾಕೋಕೆ ಮುಜುಗರ ಆದ್ರೆ ಅಮ್ಮನಿಗೆ ಓದಿ ಹೇಳಿ.